ಕ್ಯಾಂಟರ್ ಕೊಟ್ಟು ಟೆನ್ ವೀಲರ್ ತಂದ ನಾಲ್ಕು ತಿಂಗಳು

2025ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಹನ್ನೊಂದು ಗಂಟೆಗೆ ನಮ್ಮ ಡ್ರೈವರ್ ಹುಡುಗ ಫೋನ್ ಮಾಡಿದ. "ಅಣ್ಣಾ, ಮತ್ತೆ ಅದೇ ಲೈಟು. ಕೆ.ಬಿ. ಕ್ರಾಸ್ ದಾಟಿದೀನಿ, ನಿಟ್ಟೂರು ಇನ್ನೂ ಸಿಕ್ಕಿಲ್ಲ. ಪಿಕಪ್ಪೇ ಇಲ್ಲ, ಇಪ್ಪತ್ತರ ಮೇಲೆ ಹೋಗ್ತಾನೇ ಇಲ್ಲ."

ಗಾಡಿಯಲ್ಲಿ ಹನ್ನೊಂದು ಸಾವಿರ ಸುಲಿದ ತೆಂಗಿನಕಾಯಿ. ಬೆಳಗ್ಗೆ ಐದಕ್ಕೆ ಬೆಂಗಳೂರಿನ ಮಂಡಿಯಲ್ಲಿ ಇಳಿಯಬೇಕಿತ್ತು. ತಿಪಟೂರಿನಿಂದ ಬೈಕ್ ಹತ್ತಿ ಹೋದೆ. ಇನ್ನೊಂದು ಕ್ಯಾಂಟರ್ ಹುಡುಕಿ, ನಾಲ್ಕು ಜನ ಹಮಾಲರನ್ನು ಎಬ್ಬಿಸಿಕೊಂಡು ಬಂದು, ರಸ್ತೆ ಬದಿಯಲ್ಲೇ ಲೋಡ್ ಬದಲಾಯಿಸುವ ಹೊತ್ತಿಗೆ ಮೂರೂವರೆ. ಆ ಟ್ರಿಪ್ಪಿನ ಬಾಡಿಗೆ ಅಷ್ಟೂ ಅದಕ್ಕೇ ಹೋಯಿತು, ಮೇಲೆ ಕೈಯಿಂದ ನಾಲ್ಕು ಸಾವಿರ. ಬೆಳಗಿನ ಜಾವ ಖಾಲಿ ಕ್ಯಾಂಟರ್ ಪಕ್ಕ ಕೂತು ಟೀ ಕುಡಿಯುವಾಗಲೇ ಅನ್ನಿಸಿದ್ದು, ಇದನ್ನು ಇನ್ನು ಇಟ್ಟುಕೊಳ್ಳಬಾರದು ಅಂತ.

ಅಲ್ಲಿಂದ ಹೊಸ ಗಾಡಿಯ ಮೊದಲ ಲೋಡ್ ಹತ್ತುವವರೆಗೆ ನಾಲ್ಕು ತಿಂಗಳು ಹಿಡಿಯಿತು. ನನ್ನ ಹಾಗೆ ಒಂದೇ ಗಾಡಿ ಇಟ್ಟುಕೊಂಡು, "ಚಿಕ್ಕದನ್ನು ಕೊಟ್ಟು ಸೆಕೆಂಡ್ ಹ್ಯಾಂಡ್ ದೊಡ್ಡದು ತಗೊಳ್ಳಲಾ?" ಅಂತ ಯೋಚಿಸುವವರಿಗೆ ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ.

ನಮ್ಮದು 2021ರ ಬಿಎಸ್6 (ಹೊಗೆ ನಿಯಮದ ಹೊಸ ಹಂತ) ಕ್ಯಾಂಟರ್, ಒಟ್ಟು ತೂಕ ಹನ್ನೊಂದು ಟನ್ನಿನದು. ಮೊದಲ ಒಂದೂವರೆ ವರ್ಷ ಒಂದು ಮಾತು ಕೇಳಿಸಿಕೊಳ್ಳಲಿಲ್ಲ. ಆಮೇಲೆ ಶುರುವಾಯಿತು. ಡಿಪಿಎಫ್ ಲೈಟು, ಯೂರಿಯಾ ಲೈಟು, ನಾಕ್ಸ್ ಸೆನ್ಸರ್, ಎಲ್ಲ ಹೊಗೆ ಶುದ್ಧ ಮಾಡುವ ಭಾಗಗಳದ್ದೇ ತಕರಾರು. ಮೊದಲ ಸೆನ್ಸರ್ ವಾರಂಟಿಯಲ್ಲಿ ಬಂತು. ಎರಡನೆಯದಕ್ಕೆ ನಾನೇ ದುಡ್ಡು ಕೊಟ್ಟೆ. ಎರಡು ವರ್ಷದಲ್ಲಿ ಡೀಸೆಲ್, ಟೈರ್ ಬಿಟ್ಟು ರಿಪೇರಿಗೇ 1,34,000 ರೂಪಾಯಿ. ಗಾಡಿ ನಿಂತ ದಿನಗಳನ್ನು ಮನೆಯವಳು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದಳು, 41 ದಿನ.

ಗಾಡಿ ಕೆಟ್ಟದ್ದು, ಕಂಪನಿ ಕೆಟ್ಟದ್ದು ಅಂತ ನಾನು ಎಲ್ಲರ ಹತ್ತಿರ ಬೈದುಕೊಂಡು ತಿರುಗುತ್ತಿದ್ದೆ. ಸರ್ವಿಸ್ ಸೆಂಟರ್‌ನಲ್ಲಿ ಒಬ್ಬರು ಹಿರಿಯ ಮೆಕ್ಯಾನಿಕ್ ನನ್ನನ್ನು ಕೂರಿಸಿಕೊಂಡು ಕೇಳಿದರು. "ನಿಮ್ ಗಾಡಿ ದಿನಾ ಎಷ್ಟು ಓಡುತ್ತೆ ಸ್ವಾಮಿ? ಒಂದೇ ಓಟದಲ್ಲಿ ಎಷ್ಟು ಹೊತ್ತು?" ನಾನು ನಿಜ ಹೇಳಿದೆ. ವಾರದಲ್ಲಿ ನಾಲ್ಕು ದಿನ ತೋಟದಿಂದ ಮಂಡಿಗೆ, ಹತ್ತು ಹನ್ನೆರಡು ಕಿಲೋಮೀಟರ್. ಎಂಜಿನ್ ಬಿಸಿಯಾಗುವ ಹೊತ್ತಿಗೆ ಆಫ್. ಬೆಂಗಳೂರು ಟ್ರಿಪ್ಪು ವಾರಕ್ಕೆ ಒಂದೋ ಎರಡೋ.

ಹೊಗೆಯ ಮಸಿಯನ್ನು ಹಿಡಿದಿಟ್ಟುಕೊಳ್ಳುವ ಜಾಲರಿಯೇ ಡಿಪಿಎಫ್. ಅದರಲ್ಲಿ ತುಂಬಿದ ಮಸಿ ಸುಟ್ಟು ಬೂದಿಯಾಗಬೇಕಾದರೆ ಒಳಗೆ ಸುಮಾರು 600 ಡಿಗ್ರಿ ಶಾಖ ಬೇಕು. ಹೈವೇಯಲ್ಲಿ ಎಳೆದುಕೊಂಡು ಹೋಗುವ ಗಾಡಿಗೆ ಅದು ತಾನಾಗೇ ಆಗುತ್ತದೆ. ತೋಟದ ಗಾಡಿಗೆ ಆಗುವುದಿಲ್ಲ. ಆಗ ಗಾಡಿಯೇ ರೀಜೆನ್, ಅಂದರೆ ಮಸಿ ಸುಡುವ ಕೆಲಸ, ಕೇಳುತ್ತದೆ. ನಿಲ್ಲಿಸಿ, ಸ್ವಿಚ್ ಒತ್ತಿ, ಅರ್ಧ ಮುಕ್ಕಾಲು ಗಂಟೆ ಎಂಜಿನ್ ಓಡಲು ಬಿಡಬೇಕು. ನಮ್ಮ ಹುಡುಗ ಡೀಸೆಲ್ ಸುಮ್ನೆ ಉರಿಯುತ್ತದೆ ಅಂತ ಮಧ್ಯದಲ್ಲೇ ಆಫ್ ಮಾಡುತ್ತಿದ್ದ. ಹಾಗೆ ಮಾಡು ಅಂದಿದ್ದು ನಾನೇ. ಹೊಗೆ ಶುದ್ಧ ಮಾಡಲು ಬೇರೆ ಟ್ಯಾಂಕಿಗೆ ಹಾಕುವ ಯೂರಿಯಾ ದ್ರವ ಕೂಡ ಕ್ಯಾನಿಗೆ ನೂರಿನ್ನೂರು ಕಡಿಮೆ ಅಂತ ಹೆಸರಿಲ್ಲದ ಕ್ಯಾನ್ ತರುತ್ತಿದ್ದೆ. ಅದರಲ್ಲಿ 32.5 ಪರ್ಸೆಂಟ್ ಯೂರಿಯಾ ಇರಬೇಕು. ಹೆಚ್ಚು ಕಡಿಮೆಯಾದರೆ ಸೆನ್ಸರ್ ಸುಮ್ಮನಿರುವುದಿಲ್ಲ. (ಗಾಡಿ ಮಾರಲಿ, ಇಟ್ಟುಕೊಳ್ಳಲಿ, ಇದೊಂದನ್ನು ಇವತ್ತೇ ಸರಿ ಮಾಡಿಕೊಳ್ಳಿ. ಡಬ್ಬದ ಮೇಲೆ ಬ್ಯಾಚ್ ನಂಬರ್, ತಾರೀಖು ನೋಡಿ ತನ್ನಿ.)

ಅಂದರೆ ತಪ್ಪು ಅರ್ಧ ನನ್ನದೇ. ಒಪ್ಪಿಕೊಳ್ಳಲು ಒಂದು ವಾರ ಬೇಕಾಯಿತು. ಒಪ್ಪಿಕೊಂಡ ಮೇಲೆ ಪ್ರಶ್ನೆಯೇ ಬೇರೆಯಾಯಿತು. ಕ್ಯಾಂಟರ್ ಒಳ್ಳೆಯದೋ ಕೆಟ್ಟದ್ದೋ ಅನ್ನುವುದಲ್ಲ, ನಮ್ಮ ಕೆಲಸಕ್ಕೆ ಯಾವ ಗಾಡಿ ಬೇಕು ಅನ್ನುವುದು.

ಭಾವ ಮೊದಲಿನಿಂದಲೂ ಹೇಳುತ್ತಿದ್ದರು, "ಟೆನ್ ವೀಲರ್ ತಗೊಳಯ್ಯ. ತೋಟದ ಕೆಲ್ಸ ಚಿಕ್ ಗಾಡಿಯೋರಿಗೆ ಬಿಡು. ನೀನು ವಾಶಿ ಲೈನ್ ಹಿಡಿ." ವಾಶಿ ಅಂದರೆ ನವಿ ಮುಂಬೈನ ದೊಡ್ಡ ಮಾರುಕಟ್ಟೆ. ಹೇಳುವುದು ಸುಲಭ. 2025ರಲ್ಲಿ ಕಾಯಿಗೂ ಕೊಬ್ಬರಿಗೂ ಒಳ್ಳೆ ರೇಟು ಬಂತು, ಊರೆಲ್ಲ ಖುಷಿ. ಆದರೆ ರೇಟು ಬಂದಿದ್ದೇ ಇಳುವರಿ ಕಡಿಮೆಯಾಗಿದ್ದಕ್ಕೆ. ಬೆಳೆದವನಿಗೆ ದುಡ್ಡು, ಸಾಗಿಸುವವನಿಗೆ ಲೋಡೇ ಕಮ್ಮಿ. ಏಳು ಟನ್ ತುಂಬಿಸುವುದೇ ಕಷ್ಟವಾಗಿರುವಾಗ ಹದಿನೆಂಟು ಟನ್ ಎಲ್ಲಿಂದ ತರುವುದು? ಆ ಹೆದರಿಕೆಯಲ್ಲೇ ಎರಡು ವಾರ ಹೋಯಿತು. ಕೊನೆಗೆ ಇಬ್ಬರು ಮಂಡಿ ಮಾಲೀಕರು ತಿಂಗಳಿಗೆ ಮೂರು ಲೋಡು ಕೊಡುತ್ತೇವೆ ಅಂದರು. ಬರವಣಿಗೆ ಏನೂ ಇಲ್ಲ, ಬಾಯಿಮಾತು. ನಮ್ಮ ಕಡೆ ಅದೇ ನಡೆಯುವುದು.

ಮನೆಯವಳು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆದಳು. ಕ್ಯಾಂಟರ್ ಲೀಟರಿಗೆ ಏಳು ಚಿಲ್ಲರೆ ಕಿಲೋಮೀಟರ್, ಟೆನ್ ವೀಲರ್ ನಾಲ್ಕು. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕ್ಯಾಂಟರಿಗೆ 27,186, ಟೆನ್ ವೀಲರಿಗೆ 43,950. ಟೋಲ್ ವಿಷಯ ನನಗೂ ಹೊಸದು. ಹನ್ನೆರಡು ಟನ್ ಒಳಗಿನ ಗಾಡಿ ಹಗುರ ವಾಹನದ ಲೆಕ್ಕಕ್ಕೆ ಬರುತ್ತದೆ. ಟೆನ್ ವೀಲರ್ ಥರ ಮೂರು ಆಕ್ಸಲ್ ಆದ ತಕ್ಷಣ ಟೋಲು ಎರಡು ಪಟ್ಟಿಗೂ ಜಾಸ್ತಿ. ವಾಶಿಗೆ ಹೋಗಿ ಬರುವಾಗ ಎಷ್ಟು ಪ್ಲಾಜಾ ಸಿಗುತ್ತವೆ ಅಂತ ಎಣಿಸಿ ನೋಡಿ. ಬಾಡಿಗೆ ಮಾತಾಡುವಾಗ ಇದನ್ನು ಮರೆತರೆ ಮೊದಲ ಟ್ರಿಪ್ಪಿಗೇ ಬರೆ ಬೀಳುತ್ತದೆ. ಇಷ್ಟೆಲ್ಲ ಕಳೆದರೂ, ವಾಪಸ್ ಲೋಡ್ ಸಿಕ್ಕರೆ ದೊಡ್ಡ ಗಾಡಿ ಗೆಲ್ಲುತ್ತಿತ್ತು. ಸಿಗದಿದ್ದರೆ ಎರಡೂ ಒಂದೇ.

ಆಗಸ್ಟ್ ಕೊನೆಯಲ್ಲಿ ಒಂದು ಶೋರೂಮಿನಲ್ಲಿ ಎಕ್ಸ್‌ಚೇಂಜ್ ಬೆಲೆ ಕೇಳಿದೆ, 8,40,000 ಅಂದರು. ಯೋಚಿಸುತ್ತೇನೆ ಅಂತ ಬಂದೆ. ಸೆಪ್ಟೆಂಬರ್ 22ಕ್ಕೆ ಹೊಸ ಗೂಡ್ಸ್ ಗಾಡಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಅದರ ಮಾರನೇ ವಾರ ಹೋದರೆ ಅದೇ ಗಾಡಿಗೆ 7,60,000. "ಹೊಸದೇ ಅಗ್ಗ ಆಗಿದೆ ಸಾರ್, ಹಳೇದು ಯಾರು ತಗೋತಾರೆ?" ಒಂದು ತಿಂಗಳು ಮೀನಮೇಷ ಎಣಿಸಿದ್ದಕ್ಕೆ ಎಂಬತ್ತು ಸಾವಿರ. ಅವತ್ತು ರಾತ್ರಿ ಊಟ ಸೇರಲಿಲ್ಲ. ಆಮೇಲೆ ಭಾವನೇ ಸಮಾಧಾನ ಹೇಳಿದರು, ನೀನು ತಗೊಳ್ಳೋ ಹಳೇ ಲಾರಿಗೂ ಅದೇ ತಾನೆ ಆಗಿರೋದು ಅಂತ. ಅದೂ ನಿಜ.

ಅಕ್ಟೋಬರ್ 1ಕ್ಕೆ ಆಯುಧಪೂಜೆ. ಮಾರುವುದು ಅಂತ ತೀರ್ಮಾನವಾಗಿದ್ದ ಗಾಡಿಯನ್ನೇ ತೊಳೆದು, ಬಾಳೆಕಂದು ಕಟ್ಟಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದೆವು. ಅಮ್ಮ ಆರತಿ ಎತ್ತುವಾಗ ನಾನು ಬೇರೆ ಕಡೆ ನೋಡುತ್ತಿದ್ದೆ. ಅಷ್ಟು ಬೈದಿದ್ದೆ ಅದನ್ನು. ಮಗಳು ಎಲ್‌ಕೆಜಿ ಸೇರಿದ್ದು ಅದರ ದುಡಿಮೆಯಲ್ಲೇ.

ಎಕ್ಸ್‌ಚೇಂಜ್ ಬಿಟ್ಟು ಹೊರಗೆ ಮಾರಿದೆ. ದೀಪಾವಳಿ ಮುಗಿದ ವಾರ ಹುಬ್ಬಳ್ಳಿ ಕಡೆಯ ಒಬ್ಬರು ಪಾರ್ಸೆಲ್ ಲೈನಿಗೆ ಅಂತ 8,75,000ಕ್ಕೆ ತೆಗೆದುಕೊಂಡರು. ಡಿಪಿಎಫ್ ಕಥೆಯನ್ನು ಮುಚ್ಚಿಡಲಿಲ್ಲ, ಬಿಲ್ಲುಗಳನ್ನೆಲ್ಲ ತೋರಿಸಿದೆ. ಅವರು ನಕ್ಕು, "ನಮ್ದು ದಿನಾ ನಾನೂರು ಕಿಲೋಮೀಟರ್ ಹೈವೇ ಓಟ ರೀ" ಅಂದರು. ನನ್ನ ಸಾಲ ಬಾಕಿ ಇದ್ದದ್ದು ಮುಂಗಡ ತೀರಿಸುವ ಚಾರ್ಜು ಸೇರಿ 4,10,000. ಕಟ್ಟಿದ ಮೇಲೆ ಕೈಗೆ ಉಳಿದದ್ದು 4,65,000.

ಇಲ್ಲಿ ಮೊದಲ ಎಡವಟ್ಟು. ಸಾಲ ಕಟ್ಟಿದ ದಿನವೇ ಬಾಕಿ ಇಲ್ಲ ಅನ್ನುವ ಎನ್‌ಒಸಿ ಮತ್ತು ಫಾರಂ 35 ಕೊಡುತ್ತಾರೆ ಅಂದುಕೊಂಡಿದ್ದೆ. ಫೈನಾನ್ಸಿನವರು ಹೆಡ್ ಆಫೀಸಿನಿಂದ ಬರಬೇಕು ಅಂದರು. ಹತ್ತೊಂಬತ್ತು ದಿನ. ತೆಗೆದುಕೊಂಡವರು ದಿನಕ್ಕೆರಡು ಸಲ ಫೋನ್. ಸಾಲ ಇರುವ ಗಾಡಿ ಮಾರುವವರು ಬೆಲೆ ಮಾತಾಡುವ ಮೊದಲೇ ಸಾಲ ತೀರಿಸಿದರೆ ಎಷ್ಟು ದಿನಕ್ಕೆ ಎನ್‌ಒಸಿ ಅಂತ ಕೇಳಿ, ಮೇಲ್ ಮಾಡಿಸಿಕೊಳ್ಳಿ. ಇನ್ನೊಂದು, ಗಾಡಿ ಕೈಬಿಟ್ಟ ಮೇಲೆ ಫಾರಂ 29 ಕೊಟ್ಟು ಆರ್‌ಟಿಓಗೆ ತಿಳಿಸುವುದು ಮಾರಿದವನ ಕೆಲಸ, ರಾಜ್ಯದೊಳಗೆ ಆದರೆ ಹದಿನಾಲ್ಕು ದಿನದೊಳಗೆ. ತೆಗೆದುಕೊಂಡವರು ಮಾಡಿಸುತ್ತಾರೆ ಬಿಡು ಅಂತ ಕೂರಬೇಡಿ. ಹೆಸರು ನಿಮ್ಮದಿರುವವರೆಗೆ ಆಕ್ಸಿಡೆಂಟೂ ನಿಮ್ಮದೇ.

ದೊಡ್ಡ ಗಾಡಿ ಹುಡುಕಲು ನಮ್ಮ ಗಾಡಿ ರಿಪೇರಿ ಮೇಸ್ತ್ರಿಯನ್ನು ಜೊತೆಗೆ ಕರೆದುಕೊಂಡು ಹೋದೆ. ದಿನಕ್ಕೆ ಸಾವಿರದೈನೂರು, ಊಟ ನನ್ನದು. ಇಡೀ ವ್ಯವಹಾರದಲ್ಲಿ ಸಾರ್ಥಕವಾದ ಖರ್ಚು ಅಂದರೆ ಅದೇ.

ತಮಿಳುನಾಡಿನ ನಾಮಕ್ಕಲ್ ಕಡೆ ಅಗ್ಗ ಅಂತ ತುಂಬ ಜನ ಹೇಳಿದರು. ಹೊರರಾಜ್ಯದ ಗಾಡಿ ಅಂದರೆ ಅಲ್ಲಿನ ಆರ್‌ಟಿಓದಿಂದ ಫಾರಂ 28ರ ಎನ್‌ಒಸಿ, ಇಲ್ಲಿ ಮತ್ತೆ ಟ್ಯಾಕ್ಸ್, ಹೊಸ ನಂಬರು. ಬೇಡ ಅಂದುಕೊಂಡೆ.

ಮೊದಲು ನೋಡಿದ್ದು ಹೈವೇ ಬದಿಯ ಒಂದು ಯಾರ್ಡಿನಲ್ಲಿ. ಹೊಸ ಪೇಂಟು, ಹೊಸ ಸೀಟು, ಕನ್ನಡಿ ಸುತ್ತ ಬಣ್ಣದ ಕುಚ್ಚು. ನಾನು ಮೊದಲ ನೋಟಕ್ಕೇ ಬಿದ್ದೆ. ಮೇಸ್ತ್ರಿ ಬರುವ ಹಿಂದಿನ ದಿನವೇ ಹತ್ತು ಸಾವಿರ ಟೋಕನ್ ಕೊಟ್ಟುಬಿಟ್ಟಿದ್ದೆ. ಅವರು ಬಂದವರೇ ಎಂಜಿನ್ ಮೇಲೆ ಕೈ ಇಟ್ಟು, "ಬಿಸಿ ಐತೆ. ನಾವು ಬರೋಕ್ ಮುಂಚೆನೇ ಸ್ಟಾರ್ಟ್ ಮಾಡವ್ರೆ" ಅಂದರು. ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆಸಿದರು. ಬುಸ್ ಅಂತ ಹೊಗೆ. ಬ್ಯಾಕ್ ಕಂಪ್ರೆಷನ್ ಅಂದರೆ ಅದೇ, ಎಂಜಿನ್ ಕೆಲಸ ಹತ್ತಿರದಲ್ಲೇ ಇದೆ ಅಂತ. ಆಮೇಲೆ ಚಾಸಿ ಕೆಳಗೆ ತೂರಿ ಟಾರ್ಚ್ ಬಿಟ್ಟು ಕರೆದರು. ಹಿಂದಿನ ಸ್ಪ್ರಿಂಗ್ ಪಟ್ಟಿಗಳ ಹತ್ತಿರ ಚಾಸಿಗೆ ಪ್ಲೇಟ್ ಇಟ್ಟು ವೆಲ್ಡಿಂಗ್ ಮಾಡಿ, ಮೇಲೆ ಕಪ್ಪು ಬಣ್ಣ ಬಳಿದಿತ್ತು. ಓವರ್‌ಲೋಡ್ ಹೊಡೆದ ಗಾಡಿ.

ಅಲ್ಲೇ ನಿಂತು ಸರ್ಕಾರದ ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದೆ. ಸಾಲ ತೀರಿದೆ ಅಂದಿದ್ದರು, ಆ್ಯಪಿನಲ್ಲಿ ಫೈನಾನ್ಸ್ ಹೆಸರು ಇನ್ನೂ ಇತ್ತು. ಇ-ಚಲನ್ ನೋಡಿದರೆ ಮೂವತ್ತು ಸಾವಿರದ ಮೇಲೆ ದಂಡ ಬಾಕಿ. ಟೋಕನ್ ವಾಪಸ್ ಕೇಳಿದರೆ, "ಟೋಕನ್ ಯಾರು ಸಾರ್ ವಾಪಸ್ ಕೊಡ್ತಾರೆ" ಅಂತ ನಕ್ಕರು. ಹತ್ತು ಸಾವಿರ ಹೋಯಿತು. ನಂಬರ್ ಪ್ಲೇಟಿನ ಫೋಟೋ ಒಂದಿದ್ದರೆ ಮನೆಯಲ್ಲೇ ಕೂತು ಐದು ನಿಮಿಷದಲ್ಲಿ ಇದೆಲ್ಲ ನೋಡಬಹುದಿತ್ತು ಅನ್ನುವುದೇ ಹೊಟ್ಟೆ ಉರಿಸುವ ವಿಷಯ.

ಆಮೇಲೆ ಐದು ಗಾಡಿ ನೋಡಿದೆವು. ಒಂದು ಚೆನ್ನಾಗಿತ್ತು, ಆದರೆ ಆರ್‌ಸಿಯಲ್ಲಿ ಒಟ್ಟು ತೂಕ 25,000 ಕಿಲೋ. 2018ರಲ್ಲಿ ಆಕ್ಸಲ್ ತೂಕದ ನಿಯಮ ಬದಲಾಗಿ ಮೂರು ಆಕ್ಸಲ್ ಗಾಡಿಗೆ 28.5 ಟನ್ ಆಯಿತು. ನೋಡಲು ಎರಡೂ ಒಂದೇ ಥರ, ಲೋಡಿನಲ್ಲಿ ಮೂರೂವರೆ ಟನ್ ವ್ಯತ್ಯಾಸ. ಆರ್‌ಸಿಯಲ್ಲಿ ಏನಿದೆಯೋ ಅಷ್ಟೇ ನಿಮ್ಮದು. ಅದಕ್ಕಿಂತ ಜಾಸ್ತಿ ಹಾಕಿದರೆ 2019ರ ತಿದ್ದುಪಡಿ ಕಾಯ್ದೆ ಪ್ರಕಾರ 20,000 ದಂಡ, ಮೇಲೆ ಟನ್ನಿಗೆ ಎರಡೆರಡು ಸಾವಿರ.

ನವೆಂಬರ್ 9ಕ್ಕೆ ದಾವಣಗೆರೆ ಕಡೆಯ ಒಂದು ಹಳ್ಳಿಯಲ್ಲಿ ಸಿಕ್ಕಿತು. 2018ರ ನವೆಂಬರ್ ಮಾಡೆಲ್, ಬಿಎಸ್4, ಆರ್‌ಸಿಯಲ್ಲಿ 28,500. ಯೂರಿಯಾ ಹಾಕದ ಎಂಜಿನ್. (ಬಿಎಸ್4ರಲ್ಲಿ ಯೂರಿಯಾ ಕೇಳುವ ಗಾಡಿಗಳೂ ಇವೆ, ವಿಚಾರಿಸಿ.) ಮಾಲೀಕರು ಅರವತ್ತು ದಾಟಿದವರು, ಒಂದೇ ಲಾರಿ ಇಟ್ಟುಕೊಂಡು ತಾವೇ ಓಡಿಸುತ್ತಿದ್ದರು. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಇವರಿಗೆ ಮಂಡಿನೋವು. ಹಿಂದಿನ ದಿನವೇ ಫೋನ್ ಮಾಡಿ "ಯಜಮಾನ್ರೆ, ನಾವು ಬರೋವರೆಗೆ ಸ್ಟಾರ್ಟ್ ಮಾಡ್ಬೇಡಿ" ಅಂದಿದ್ದೆ. ಬೆಳಗ್ಗೆ ಏಳಕ್ಕೆ ಹೋದರೆ ಎಂಜಿನ್ ಮೇಲೆ ಇಬ್ಬನಿ. ಒಂದೇ ಸೆಲ್ಫ್ ಸ್ಟಾರ್ಟಿಗೆ ಎದ್ದಿತು. ಮೇಸ್ತ್ರಿ ಎರಡು ಗಂಟೆ ನೋಡಿ, "ಕಿಂಗ್‌ಪಿನ್ ಹೋಗೈತೆ, ಕ್ಲಚ್ ಕೊನೆಗ್ ಬಂದೈತೆ, ನಾಲ್ಕು ಟೈರ್ ಹಾಕ್ಬೇಕು. ಎಂಜಿನ್ನು, ಚಾಸಿ ದೇವರಂಗೈತೆ" ಅಂದರು. ಹದಿನಾರು ಹೇಳಿದ್ದರು, 14,40,000ಕ್ಕೆ ಮುಗಿಯಿತು.

ಒಂದು ಕೊರತೆ ಗೊತ್ತಿದ್ದೇ ತೆಗೆದುಕೊಂಡೆ. ನಮ್ಮ ಕೊಬ್ಬರಿ ದೆಹಲಿ ಕಡೆಗೂ ಹೋಗುತ್ತದೆ. ಹೊರಗಿನ ಬಿಎಸ್4 ಗೂಡ್ಸ್ ಗಾಡಿಗೆ ದೆಹಲಿಯೊಳಗೆ 2026ರ ಅಕ್ಟೋಬರ್ 31ರವರೆಗೆ ಮಾತ್ರ ಅವಕಾಶ. ನನ್ನದು ಮುಂಬೈ, ಪುಣೆ ಲೈನು, ಹಾಗಾಗಿ ಸರಿ ಅಂದುಕೊಂಡೆ. ಉತ್ತರದ ಲೋಡ್ ನಂಬಿಕೊಂಡವರು ಬಿಎಸ್4 ಮುಟ್ಟಲೇಬೇಡಿ. ಇನ್ನೊಂದು, ಎಂಟು ವರ್ಷ ತುಂಬಿದ ಮೇಲೆ ಗಾಡಿ ಓಡಲು ಯೋಗ್ಯ ಅನ್ನುವ ಪತ್ರ, ಅಂದರೆ ಎಫ್‌ಸಿ ಪ್ರತಿ ವರ್ಷ. ನನಗೆ 2026ರ ನವೆಂಬರ್‌ನಿಂದಲೇ ಶುರು.

ಹತ್ತು ಲಕ್ಷ ಸಾಲ, ಹದಿನೈದು ಪರ್ಸೆಂಟ್ ಬಡ್ಡಿ, 42 ಕಂತು, ತಿಂಗಳಿಗೆ 30,750. ಹಳೇ ಗಾಡಿಗೆ ಬಡ್ಡಿ ಹೊಸದಕ್ಕಿಂತ ಜಾಸ್ತಿ, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಮುಂಗಡ 4,40,000 ಕೊಟ್ಟ ಮೇಲೆ ನನ್ನ ಹತ್ತಿರ ಉಳಿದದ್ದು ಇಪ್ಪತ್ತೈದು ಸಾವಿರ.

ಆಮೇಲೆ ಕಾಗದದ ಕೆಲಸ. ಮಾರುವವರು ಪ್ರಾಮಾಣಿಕರು, ಸಾಲ ಇಲ್ಲ, ದಂಡ ಇಲ್ಲ. ಆದರೂ ಒಂಬತ್ತು ದಿನ ನಿಂತೆವು. ಯಾಕೆ ಗೊತ್ತಾ? ವರ್ಗಾವಣೆಗೆ ಓಟಿಪಿ ಹೋಗುವುದು ಆರ್‌ಸಿಗೆ ಜೋಡಿಸಿದ ಮೊಬೈಲಿಗೆ. ಅಲ್ಲಿದ್ದದ್ದು ಅವರ ಮಗನ ಕಾಲೇಜು ದಿನದ ಸಿಮ್, ಸತ್ತು ವರ್ಷಗಳಾಗಿತ್ತು. ಮೊಬೈಲ್ ನಂಬರ್ ಬದಲಾಯಿಸಲು ಅರ್ಜಿ, ಆಧಾರ್‌ನಲ್ಲಿ ಹೆಸರಿನ ಸ್ಪೆಲಿಂಗ್ ಬೇರೆ, ಅದಕ್ಕೊಂದು ತಿರುಗಾಟ. ಪಾಪ, ಆ ಹಿರಿಯರು ಮಂಡಿನೋವಿನಲ್ಲೇ ಮೂರು ಸಲ ಬಂದರು. ಟೋಕನ್ ಕೊಡುವ ಮೊದಲು ಈ ಒಂದು ಪ್ರಶ್ನೆ ಕೇಳಿ: ಆರ್‌ಸಿಯ ಮೊಬೈಲ್ ನಂಬರ್ ಈಗಲೂ ಓಡುತ್ತಿದೆಯಾ?

ಫಾರಂ 29, 30, ನಮ್ಮ ಸಾಲಕ್ಕೆ ಫಾರಂ 34, ಇನ್ಶೂರೆನ್ಸ್, ಎಮಿಷನ್, ಟ್ಯಾಕ್ಸ್ ರಸೀದಿ. ಆರ್‌ಸಿ ಹೆಸರು ಬದಲಾದರೆ ಪರ್ಮಿಟ್ ತಾನಾಗೇ ಬರುವುದಿಲ್ಲ, ಅದು ಬೇರೆ ಅರ್ಜಿ. ನ್ಯಾಷನಲ್ ಪರ್ಮಿಟ್‌ಗೆ ವರ್ಷಕ್ಕೆ 16,500, ಜೊತೆಗೆ ಸಾವಿರ. ಹಳೇ ಗಾಡಿಯ ನೋ ಕ್ಲೇಮ್ ಬೋನಸ್ (ಇನ್ಶೂರೆನ್ಸ್ ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ) ಗಾಡಿಯದ್ದಲ್ಲ, ನಿಮ್ಮದು. ಕ್ಯಾಂಟರ್ ಮಾರಿದಾಗ ಅದರ ಪತ್ರ ತೆಗೆದುಕೊಂಡಿದ್ದರೆ ಹೊಸ ಪಾಲಿಸಿಯಲ್ಲಿ ಸ್ವಲ್ಪ ಉಳಿಯುತ್ತಿತ್ತು. ನಾನು ಮರೆತೆ.

ಕೊನೆಗೆ ಆದ ಮೇಲುಖರ್ಚು ನೋಡಿ. ಟೈರ್ 84,000. ಕಿಂಗ್‌ಪಿನ್, ಕ್ಲಚ್, ಪಟ್ಟಿ ಕೆಲಸ 71,000. ಇನ್ಶೂರೆನ್ಸ್ 68,000. ವರ್ಗಾವಣೆ, ಪರ್ಮಿಟ್, ಏಜೆಂಟ್ ಸೇರಿ 31,000. ಟಾರ್ಪಾಲು, ಹಗ್ಗ, ಜಾಕಿ ಅದು ಇದು 22,000. ಒಟ್ಟು 2,76,000. ಕೈಯಲ್ಲಿದ್ದದ್ದು ಇಪ್ಪತ್ತೈದು. ಮನೆಯವಳ ಬಳೆ ಬ್ಯಾಂಕಿಗೆ ಹೋಯಿತು. ಅವಳು ಏನೂ ಅನ್ನಲಿಲ್ಲ, ನೋಟ್‌ಬುಕ್ಕಿನಲ್ಲಿ ಬಳೆಯ ತೂಕ ಬರೆದಿಟ್ಟುಕೊಂಡಳು. ಗಾಡಿ ಬೆಲೆಯ ಮೇಲೆ ಐದನೇ ಒಂದು ಭಾಗ ಬೇರೆ ಇಟ್ಟುಕೊಳ್ಳದೆ ಹಳೇ ಟೆನ್ ವೀಲರ್ ಕಡೆ ಹೋಗಬೇಡಿ ಅಂತ ಮೊದಲೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು.

ಗಾಡಿ ಇಲ್ಲದ ಆರೇಳು ವಾರ ಇನ್ನೊಂದು ನಷ್ಟ. ಆ ಹೊತ್ತಿಗೆ ಒಂದು ಮಂಡಿಯವರು ಬೇರೆ ಲಾರಿ ಹಿಡಿದಿದ್ದರು. ಮೂರು ಲೋಡಿನ ಮಾತು ಎರಡಕ್ಕೆ ಇಳಿಯಿತು.

ಡ್ರೈವರ್ ಹುಡುಗನ ಹತ್ತಿರ ಲೈಸೆನ್ಸ್ ಇತ್ತು, ಧೈರ್ಯ ಇರಲಿಲ್ಲ. ಕ್ಯಾಂಟರ್ ಓಡಿಸಿದ ಕೈಗೆ ಟೆನ್ ವೀಲರ್ ರಿವರ್ಸ್ ಬೇರೆ ಪ್ರಪಂಚ. ಒಬ್ಬ ಹಿರಿಯ ಡ್ರೈವರನ್ನು ಹಿಡಿದು, ಇವನನ್ನು ಎರಡನೇ ಡ್ರೈವರ್ ಮಾಡಿದೆ. ಬ್ಯಾಟಾ ಎರಡು ಕಡೆ ಹೋಗುತ್ತದೆ, ಪರವಾಗಿಲ್ಲ. ಧನುರ್ಮಾಸ ಹಿಡಿಯುವ ಮೊದಲೇ ಮೊದಲ ಲೋಡ್ ಆಗಬೇಕು ಅಂತ ಅಮ್ಮನ ಹಟ. ಡಿಸೆಂಬರ್ 11ಕ್ಕೆ ವಾಶಿಗೆ ಕಾಯಿ ಹೊರಟಿತು. ಅಲ್ಲಿ ಎರಡು ದಿನ ಕಾದು, ಬರುವಾಗ ಬೆಂಗಳೂರಿಗೆ ಈರುಳ್ಳಿ ಸಿಕ್ಕಿತು. ಡೀಸೆಲ್, ಟೋಲು, ಬ್ಯಾಟಾ ಕಳೆದು ಉಳಿದದ್ದು ಕಂತಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ತಿಂಗಳಿಗೆ ಎರಡು ಟ್ರಿಪ್ ಆದರೆ ಕಂತು ಹೋಗುತ್ತದೆ, ಮೂರನೆಯದು ನಮ್ಮದು.

ತೋಟದಿಂದ ಕಾಯಿ ತರಲು ಈಗ ನಾನೇ ಪಕ್ಕದ ಊರಿನವರ ಪಿಕಪ್ ಬಾಡಿಗೆಗೆ ಕರೆಯುತ್ತೇನೆ. ಲಾರಿ ನಮ್ಮ ಬೀದಿಗೆ ತಿರುಗುವುದೇ ಇಲ್ಲ. ಹೈವೇ ಬದಿಯ ಪೆಟ್ರೋಲ್ ಬಂಕಿನಲ್ಲಿ ನಿಲ್ಲುತ್ತದೆ, ಅಮ್ಮ ಅಲ್ಲಿಗೇ ಆಟೋದಲ್ಲಿ ಬಂದು ಕಾಯಿ ಒಡೆದು ಹೋದರು.

ಹೋದ ವಾರ ಹುಬ್ಬಳ್ಳಿಯವರು ಫೋನ್ ಮಾಡಿದ್ದರು. ಮತ್ತೆ ಲೈಟು ಬಂತೇನೋ ಅಂತ ಎದೆ ಧಸಕ್ ಅಂದಿತು. ಅದಲ್ಲ, ಎರಡನೇ ಕೀ ಎಲ್ಲಿದೆ ಅಂತ ಕೇಳಿದರು. "ಗಾಡಿ ಹೆಂಗಿದೆ?" ಅಂದೆ. "ಬಂಗಾರದಂಥಾ ಗಾಡಿ ಐತ್ರಿ, ಒಂದ್ ಸಲಾನೂ ಲೈಟ್ ಬಂದಿಲ್ಲ" ಅಂದರು. ಕೀ ನಮ್ಮ ದೇವರ ಮನೆಯಲ್ಲೇ ಇತ್ತು, ಆಯುಧಪೂಜೆ ದಿನ ಇಟ್ಟಿದ್ದು. ಕುಂಕುಮ ಒರೆಸಿ ಕೊರಿಯರ್ ಮಾಡಿದೆ.